ನಾಲ್ಕು ದಿನ ಮೊದಲೇ ಬಂದ ದೀಪಾವಳಿ

ತೀರ್ಥಹಳ್ಳಿ ಸೀಮೆಯ ಆ ಮನೆಗೆ ದೀಪಾವಳಿ ವರ್ಷಕ್ಕೆ ಎರಡು ಸಲ ಬರುತ್ತದೆ. ಒಂದು ಪಂಚಾಂಗದ್ದು, ಇನ್ನೊಂದು ಅಪ್ಪಯ್ಯನದು. ಅಪ್ಪಯ್ಯನದೇ ಮೊದಲು.

ಅಪ್ಪಯ್ಯ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್. ಊರಿಗೆ ಊರೇ ಹಬ್ಬಕ್ಕೆ ಹೊರಟು ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗವಿಲ್ಲದ ರಾತ್ರಿ, ಟಿಕೆಟ್ ಕೊಡಬೇಕಾದವರೇ ‘ನಾನೂ ಹಬ್ಬಕ್ಕೆ ಹೋಗಬೇಕು’ ಎಂದರೆ ಆದೀತೆ? ಹಬ್ಬಕ್ಕೆ ಹೆಚ್ಚುವರಿ ಬಸ್ಸು ಬಿಡುತ್ತಾರೆಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದಕ್ಕೆ ಹೆಚ್ಚುವರಿ ಕಂಡಕ್ಟರುಗಳೇನೂ ಆಕಾಶದಿಂದ ಉದುರುವುದಿಲ್ಲ. ಇರುವವರೇ ಓಡಬೇಕು. ಹಾಗಾಗಿ ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ನರಕ ಚತುರ್ದಶಿಯ ದಿನ ಅವರು ಮನೆಯಲ್ಲಿದ್ದದ್ದು ಬೆರಳೆಣಿಕೆಯಷ್ಟು ಸಲ. ಉಳಿದ ವರ್ಷಗಳಲ್ಲಿ ನಾಲ್ಕೈದು ದಿನ ಮೊದಲೇ ಎರಡು ದಿನದ ರಜೆ ಹೊಂದಿಸಿಕೊಂಡು ಬರುತ್ತಾರೆ. ಅವರು ಚೀಲ ಇಳಿಸಿದ ಸಂಜೆಯೇ ನೀರು ತುಂಬುವ ಹಬ್ಬ.

2025ರಲ್ಲಿ ಚತುರ್ದಶಿ ಬಿದ್ದದ್ದು ಅಕ್ಟೋಬರ್ 20ರ ಸೋಮವಾರ. ಅಪ್ಪಯ್ಯ ಬಂದದ್ದು 15ರ ಬುಧವಾರ. ಸಮೀಕ್ಷೆಯ ಕಾರಣಕ್ಕೆ ಸರ್ಕಾರಿ ಶಾಲೆಗಳ ದಸರಾ ರಜೆ 18ರವರೆಗೆ ಮುಂದುವರಿದಿದ್ದರಿಂದ ಒಂಬತ್ತನೇ ಕ್ಲಾಸಿನ ಮಗಳೂ ಮನೆಯಲ್ಲೇ ಇದ್ದಳು. ಆದರೆ ಅವಳ ಮುಖ ಸಪ್ಪೆ. ತಂದ ಹೊಸ ಚೂಡಿದಾರವನ್ನು ಮುಟ್ಟಿ ನೋಡಿ ಮಡಚಿಟ್ಟಳು. “ನಿಜವಾದ ಹಬ್ಬದ ದಿನ ಹಾಕ್ಕೊಳ್ತೀನಿ. ಇದು ಡೂಪ್ಲಿಕೇಟ್ ಹಬ್ಬ ಅಂತ ಕ್ಲಾಸಲ್ಲಿ ಎಲ್ಲರೂ ನಗ್ತಾರೆ.”

ಅಪ್ಪಯ್ಯ ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ತಿಕ್ಕುತ್ತಿದ್ದರು. ಕೇಳಿಸಿತು. ಕೈ ಒಂದು ಗಳಿಗೆ ನಿಂತು ಮತ್ತೆ ತಿಕ್ಕತೊಡಗಿತು. ಹದಿಮೂರು ಹದಿನಾಲ್ಕರ ಮಕ್ಕಳ ಬಾಯಿಂದ ಇಂಥ ಮಾತು ಬರುವುದು ಸಹಜ. ಅದು ತಾಗುವುದೂ ಅಷ್ಟೇ ಸಹಜ.

ಉತ್ತರ ಕೊಟ್ಟವರು ಅಜ್ಜಿ. “ಎಣ್ಣೆಗೇನು ಪಂಚಾಂಗ ಓದೋಕೆ ಬರ್ತದನೇ? ತಲೆಗೆ ಹಾಕಿದ ದಿನ ತಂಪಾಗ್ತದೆ.”

ಅಜ್ಜಿ ಹೀಗೆಂದರೆಂದು ಅವರನ್ನು ಸಡಿಲದವರೆಂದು ತಿಳಿಯಬೇಡಿ. ಯಾವುದನ್ನು ಹಿಂದೆಮುಂದೆ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದಕ್ಕೆ ಅವರದೇ ಕಾನೂನಿದೆ. ಎಣ್ಣೆನೀರು, ಹೋಳಿಗೆ, ಚೀನಿಕಾಯಿ ಕಡುಬು, ಹೊಸ ಬಟ್ಟೆ ಮಗ ಬಂದ ದಿನ ಆಗಬಹುದು. ದನಗಳ ಕೊರಳಿಗೆ ಅಡಿಕೆ, ಪಚ್ಚೆತೆನೆಯ ಹಾರ ಮಾತ್ರ ಬಲಿಪಾಡ್ಯಮಿಗೇ. ಅಂಟಿಗೆ-ಪಿಂಟಿಗೆಯೂ ಅಷ್ಟೇ. ಮಲೆನಾಡಿನ ಹೊರಗಿನವರಿಗೆ ಇದನ್ನು ಹೇಳಬೇಕು: ಪಾಡ್ಯಮಿಯ ರಾತ್ರಿ ಹೊತ್ತಿಸಿದ ಜ್ಯೋತಿಯನ್ನು ಆರದಂತೆ ಹಿಡಿದು, ಹಾಡುತ್ತ ಮನೆಮನೆಗೆ ಬರುವ ತಂಡ ಅದು. ಮನೆಯವರು ಆ ಜ್ಯೋತಿಗೆ ಎಣ್ಣೆ ಎರೆದು, ಅದರಿಂದಲೇ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ನೌಕರಿ ಸೇರುವ ಮೊದಲು ಅಪ್ಪಯ್ಯ ಆ ತಂಡದಲ್ಲಿ ಮುಂದಾಳಾಗಿ ಹಾಡುತ್ತಿದ್ದವರು. ಮಗಳು ಅದನ್ನು ಒಮ್ಮೆಯೂ ಕೇಳಿಲ್ಲ. ಹಂಡೆ ತಿಕ್ಕುತ್ತ ಅವರು ಒಂದು ಸಾಲು ಗುನುಗಿದ್ದೇ ತಡ, ಒಳಗಿನಿಂದ ಅಜ್ಜಿಯ ಸ್ವರ ಬಂತು: “ಮಗಾ, ಜ್ಯೋತಿ ಇಲ್ಲದೆ ಆ ಪದ ಬೇಡ.” ಗುನುಗು ಅಲ್ಲಿಗೇ ನಿಂತಿತು.

ಆ ರಾತ್ರಿ ಒಂದು ಹದ ಮಳೆ ಬಂದು ಹೋಯಿತು. ಬೆಳಗಿನ ನಾಲ್ಕೂವರೆಗೆ ಅಜ್ಜಿ ಎಲ್ಲರ ನೆತ್ತಿಗೂ ಎಣ್ಣೆಯಿಟ್ಟರು. ಬಚ್ಚಲು ಖಾಲಿಯಾಗಲೆಂದು ಕಾಯುತ್ತ ಮಗಳು ಅಂಗಳಕ್ಕೆ ಬಂದವಳು ಅಲ್ಲೇ ನಿಂತಳು. ಮೋಡದ ಸಂದಿಯಲ್ಲಿ, ಪೂರ್ವದ ಕಡೆ, ತೋಟದ ತಲೆಗಳಿಗಿಂತ ಬಹಳ ಮೇಲೆ ಚಂದ್ರ!

“ಅಪ್ಪಯ್ಯಾ, ದೀಪಾವಳಿಯಲ್ಲಿ ಚಂದ್ರ ಇರ್ತಾನಾ? ನೋಡು, ಇದು ಡೂಪ್ಲಿಕೇಟೇ.”

ಅಪ್ಪಯ್ಯ ಬೈರಾಸು ಹೆಗಲಿಗೆ ಹಾಕಿಕೊಂಡು ಬಂದು ನೋಡಿದರು. ರಾತ್ರಿ ಬಸ್ಸಿನ ಕಂಡಕ್ಟರಿಗೆ ಚಂದ್ರ ಹೊಸಬನಲ್ಲ. “ಇವತ್ತು ದಶಮಿ ಕಣೇ. ಚಂದ್ರ ದಿನಾ ಐವತ್ತು ನಿಮಿಷ ಲೇಟು. ನಮ್ಮ ಡಿಪೊದಲ್ಲಾಗಿದ್ರೆ ಮೆಮೊ ಕೊಡ್ತಿದ್ರು.”

ತಮಾಷೆಗೆ ಹೇಳಿದರೂ ಲೆಕ್ಕ ಸರಿಯಾಗಿಯೇ ಇತ್ತು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಅಷ್ಟು ಮುಂದೆ ಹೋಗಿರುತ್ತದೆ. ಅದನ್ನು ಹಿಡಿಯಲು ಭೂಮಿ ಇನ್ನೂ ಸ್ವಲ್ಪ ತಿರುಗಬೇಕು. ಆ ಸ್ವಲ್ಪವೇ ಸರಾಸರಿ ಐವತ್ತು ನಿಮಿಷ. ಹುಡುಗಿ ಬೆರಳು ಮಡಚಿದಳು. ಇವತ್ತು ಹುಟ್ಟಿದ್ದು ಎರಡು ಗಂಟೆಯೊಳಗೆ. ನಾಲ್ಕು ದಿನಕ್ಕೆ ಇನ್ನೂರು ನಿಮಿಷ. ಅಂದರೆ 20ರಂದು ಐದು ಗಂಟೆಯ ಸುಮಾರಿಗೆ. ಸೂರ್ಯ ಹುಟ್ಟುವುದು ಆರರ ಮೇಲೆ.

“ಹಂಗಾದ್ರೆ ನಿಜವಾದ ಹಬ್ಬದ ದಿನಾನೂ ಇರ್ತಾನೆ!”

“ಇರ್ತಾನೆ, ಉಗುರಿನಷ್ಟು. ಒಂದು ಗಂಟೆ ಹೊತ್ತು.”

“ನೀನೂ ನೋಡ್ತೀಯಾ?”

“ನಾನಾಗ ತರೀಕೆರೆ ಹತ್ರ ಇರ್ತೀನಿ. ಬಸ್ಸು ಈ ಕಡೆ ಮುಖ ಮಾಡಿರ್ತದೆ. ಹಿಂದಿನ ಗಾಜಲ್ಲಿ ನೋಡಬೇಕು. ನೋಡ್ತೀನಿ.”

ಸ್ನಾನ ಮುಗಿಸಿ ಬಂದಾಗ ಅವಳ ಮೈಮೇಲೆ ಹೊಸ ಚೂಡಿದಾರವಿತ್ತು. ಯಾರೂ ಏನೂ ಕೇಳಲಿಲ್ಲ. ಹೋಳಿಗೆ ಊಟ, ಮಧ್ಯಾಹ್ನದ ನಿದ್ದೆ, ಸಂಜೆ ಜಗಲಿಯುದ್ದಕ್ಕೂ ಹಣತೆ. ಮರುದಿನ ಡ್ಯೂಟಿ ಇತ್ತು. ಡ್ರೈವರಿಗೆಂದು ಅಜ್ಜಿ ಕಟ್ಟಿಕೊಟ್ಟ ಕಡುಬಿನ ಡಬ್ಬಿ ಹಿಡಿದು ಅಪ್ಪಯ್ಯ ರಾತ್ರಿ ಬಸ್ಸು ಹತ್ತಿದರು.

20ರ ಬೆಳಗ್ಗೆ ಮನೆಯಲ್ಲಿ ಎರಡನೇ ಸಲ ಎಣ್ಣೆನೀರು. ಐದೂವರೆಗೆ ಮಗಳು ಅಂಗಳದ ತುದಿಗೆ ಓಡಿದಳು. ಮೋಡ ಸರಿಯಲು ಸ್ವಲ್ಪ ಹೊತ್ತು ಕಾಯಬೇಕಾಯಿತು. ಆಮೇಲೆ ತೋಟದ ತಲೆಯ ಮೇಲೆ, ಕೂದಲೆಳೆಯಂಥ ಚಂದ್ರ. ಪಕ್ಕದಲ್ಲೇ ಶುಕ್ರ, ಯಾರೋ ಹಣತೆ ಹಚ್ಚಿಟ್ಟಂತೆ. ಶುಕ್ರನ ವಿಷಯ ಅಪ್ಪಯ್ಯನೂ ಹೇಳಿರಲಿಲ್ಲ.

ಅಂಗಳದ ಆ ಮೂಲೆಯಲ್ಲಿ ಮಾತ್ರ ಫೋನಿಗೆ ನೆಟ್‌ವರ್ಕ್ ಸಿಗುವುದು. ಏಳರ ಹೊತ್ತಿಗೆ ಶಿವಮೊಗ್ಗ ಬಸ್ ಸ್ಟ್ಯಾಂಡಿನ ಗದ್ದಲದ ನಡುವಿನಿಂದ ಅಪ್ಪಯ್ಯನ ಸ್ವರ ಕೇಳಿತು.

“ಕಂಡಿತಾ?”

“ಕಂಡಿತು! ನಿಂಗೆ?”

ಅವರಿಗೆ ಕಂಡಿರಲಿಲ್ಲ. ಬೀರೂರು ದಾಟಿದ ಮೇಲೆ ಒಂದು ಮಗುವಿಗೆ ವಾಂತಿ. ಬಸ್ಸು ನಿಲ್ಲಿಸಿ, ಆ ತಾಯಿಗೆ ನೀರು ಕೊಟ್ಟು, ಸೀಟು ಒರೆಸಿ, ಬೇರೆಯವರ ಗೊಣಗಾಟ ಕೇಳಿ ಮುಗಿಸುವಷ್ಟರಲ್ಲಿ ಬೆಳಕು ಹರಿದಿತ್ತು. “ಹೇಳು, ಹೆಂಗಿತ್ತು?” ಎಂದರು. ಅವಳು ಹೇಳಿದಳು. ಶುಕ್ರನನ್ನೂ ಸೇರಿಸಿ, ಸಾವಕಾಶವಾಗಿ ಹೇಳಿದಳು.

ಕೇಳಿ ಮುಗಿದ ಮೇಲೆ ಅಪ್ಪಯ್ಯ ತುಸು ತಡೆದು ಅಂದರು: “ಪಾಡ್ಯಮಿ ರಾತ್ರಿ ಜ್ಯೋತಿ ಬಂದಾಗ ಫೋನ್ ಹಚ್ಚಿ ಜಗಲಿ ಮೇಲೆ ಇಡ್ತೀಯಾ?”

“ಜಗಲೀಲಿ ನೆಟ್‌ವರ್ಕ್ ಇಲ್ವಲ್ಲ ಅಪ್ಪಯ್ಯಾ.”

“ಹಂಗಾದ್ರೆ ಹಾಡೋರನ್ನೇ ಈ ಮೂಲೆಗೆ ಕರ್ಕೊಂಡು ಬಾ. ಒಂದು ಪದ ನಾನೂ ಹೇಳ್ತೀನಿ. ಅಜ್ಜಿಗೆ ಹೇಳ್ಬೇಡ.”