ಬೆಳಕು ಬೀಳುವ ತನಕ

ಎಣ್ಣೆ ನೀರು ಕೂಡುವುದಿಲ್ಲ ಎಂಬುದೇ ನಮ್ಮಂಥವರ ಹೊಟ್ಟೆಪಾಡು. ಪರಿಮಳದ ಎಣ್ಣೆಯನ್ನು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಒಂದೊಂದಕ್ಕೂ ಚಿಪ್ಪು ತೊಡಿಸುವ ಕೆಲಸ ನನ್ನದು. ಸಂಬಳ ಕೊಡದಿದ್ದರೂ ಮಾಡುತ್ತಿದ್ದೆ. ಈ ಮಾತು ನಮ್ಮ ಮೇಲಧಿಕಾರಿಗಳ ಕಿವಿಗೆ ಬೀಳದಿದ್ದರೆ ಸಾಕು.

ಒಡೆದ ಹನಿಗಳು ಮತ್ತೆ ಒಂದಾಗದಂತೆ ಸಾಮಾನ್ಯವಾಗಿ ಸಾಬೂನಿನಂಥದ್ದನ್ನು ಬೆರೆಸುತ್ತಾರೆ. ನನಗೆ ಜೇಡಿಮಣ್ಣೇ ಇಷ್ಟ. ಘನ ಕಣಗಳೂ ಈ ಕಾವಲು ಕಾಯಬಲ್ಲವೆಂದು ವಿಜ್ಞಾನಿ ರ‍್ಯಾಮ್ಸ್‌ಡನ್ 1903ರಲ್ಲೇ ಕಂಡಿದ್ದರು. ಹೆಸರು ಮಾತ್ರ 1907ರಲ್ಲಿ ಅದರ ಬಗ್ಗೆ ಬರೆದ ಪಿಕರಿಂಗ್ ಪಾಲಾಯಿತು. ಗುಜರಾತಿನ ಕಛ್ ಕಡೆ ಅಗೆದು ತೆಗೆಯುವ ಬೆಂಟೊನೈಟಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತುಂಬಿರುತ್ತದೆ. ಅದರ ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಗಲ ಅದರ ನೂರಾರು ಪಟ್ಟು. ಈ ಹಾಳೆಗಳಿಗೆ ನೀರೆಂದರೆ ಪ್ರಾಣ. ಎಣ್ಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಒಂದಿಷ್ಟು ಉಪ್ಪು ಬಿದ್ದರೆ ಅವುಗಳ ನಡುವಿನ ವಿಕರ್ಷಣೆ ತಗ್ಗುತ್ತದೆ. ಆಮೇಲೆ ಬಂದು ಹನಿಯ ಮೈಮೇಲೆ ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೂರುತ್ತವೆ. ಒಳಗಿನ ಪರಿಮಳ ಹೊರಬೀಳಬೇಕಾದರೆ ಆ ಸಂದುಗೊಂದಿಗಳಲ್ಲೆಲ್ಲ ಸುತ್ತಿ ಸುತ್ತಿ ಬರಬೇಕು.

ಎಣ್ಣೆಯೊಳಗೆ ಮೊದಲೇ, ಚಿಪ್ಪಾಗಬೇಕಾದ ಅಕ್ರಿಲೇಟ್ ಎಂಬ ಪ್ಲಾಸ್ಟಿಕ್ ಕಚ್ಚಾವಸ್ತುವನ್ನೂ ಬೆಳಕು ತಾಗಿದರೆ ಒಡೆಯುವ ಪ್ರಚೋದಕವನ್ನೂ ಕರಗಿಸಿಟ್ಟಿರುತ್ತೇನೆ. ನನಗೆ ಅತಿ ಪ್ರಿಯವಾದ ಗಳಿಗೆ ಇದೇ. ಎಲ್ಲ ಸಿದ್ಧವಾಗಿದೆ, ಏನೂ ಶುರುವಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ಹನಿಗಳನ್ನು ನೋಡಬಹುದು, ದಪ್ಪವೆನಿಸಿದರೆ ಮತ್ತೆ ಕಡೆಯಬಹುದು, ಕಾಫಿ ಕುಡಿದೂ ಬರಬಹುದು. ಬೆಳಕಿನ ಬದಲು ಶಾಖ ಬಳಸುವ ವಿಧಾನದಲ್ಲಿ ಈ ಬಿಡುವಿಲ್ಲ. ಅರುವತ್ತು ಎಪ್ಪತ್ತು ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಅಷ್ಟರಲ್ಲಿ ಮಲ್ಲಿಗೆಯ ಘಮ ಅರ್ಧ ಲ್ಯಾಬಿನ ಪಾಲು.

ಕನ್ನಡಕ ಹಾಕಿಕೊಂಡು 365 ನ್ಯಾನೋಮೀಟರಿನ ನೇರಳಾತೀತ ದೀಪ ಹೊತ್ತಿಸಿದರೆ ಪ್ರಚೋದಕ ಒಡೆದು, ಅಕ್ರಿಲೇಟ್ ಅಣುಗಳು ಸರಪಳಿಯಾಗುತ್ತವೆ. ಬೆಳೆದ ಪಾಲಿಮರ್ ಎಣ್ಣೆಯಲ್ಲಿ ಕರಗಿ ನಿಲ್ಲಲಾರದೆ ಹನಿಯ ಅಂಚಿಗೆ ಸರಿದು, ಜೇಡಿಯ ಅಡಿಯಲ್ಲೇ ಗಟ್ಟಿಯಾಗುತ್ತದೆ. ದಂತವೈದ್ಯರು ಹಲ್ಲಿನ ಕುಳಿ ತುಂಬಿ ನೀಲಿ ದೀಪ ಹಿಡಿಯುವುದರ ಹಿಂದೆಯೂ ಇದೇ ಬಗೆಯ ರಾಸಾಯನಿಕ ಕ್ರಿಯೆಯಿದೆ. ಬೆಳಕಿಗೆ ಅದರದೇ ಆದ ತಕರಾರುಗಳೂ ಇವೆ. ಹಾಲಿನಷ್ಟು ಬೆಳ್ಳಗಿನ ಮಿಶ್ರಣದಲ್ಲಿ ಅದು ಚದುರಿಹೋಗಿ ಆಳಕ್ಕೆ ಇಳಿಯುವುದಿಲ್ಲ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಕಲಕುತ್ತಿರಬೇಕು. ಗಾಳಿಯ ಆಮ್ಲಜನಕ ಸರಪಳಿಯನ್ನು ಅರ್ಧಕ್ಕೇ ಕಡಿಯುತ್ತದೆ. ಹಾಗಾಗಿ ಮೊದಲೇ ನೈಟ್ರೋಜನ್ ಹಾಯಿಸಬೇಕು.

ಕೊನೆಗೆ ಒಂದು ಹನಿಯನ್ನು ಗಾಜಿನ ಪಟ್ಟಿಗಳ ನಡುವೆ ಒತ್ತಿ ನೋಡುತ್ತೇನೆ. ಚಿಪ್ಪು ಬಿರಿದು ಎಣ್ಣೆ ಜಿನುಗಿದರೆ ಗೆದ್ದಂತೆ. ಈ ಮೋಜಿಗೆ ಇನ್ನೆಷ್ಟು ವರ್ಷವೋ. ಉತ್ಪನ್ನಗಳಿಗೆ ಬೇಕೆಂದೇ ಬೆರೆಸುವ ಮೈಕ್ರೋಪ್ಲಾಸ್ಟಿಕ್‌ಗಳಿಗೆ ಯುರೋಪಿಯನ್ ಒಕ್ಕೂಟ 2023ರಲ್ಲಿ ನಿರ್ಬಂಧ ಹೇರಿತು. ಇಂಥ ಪರಿಮಳದ ಕ್ಯಾಪ್ಸೂಲ್‌ಗಳಿಗೆ 2029ರವರೆಗೆ ಗಡುವು. ಮಣ್ಣಲ್ಲಿ ಕೊಳೆಯುವ ಪಾಲಿಮರ್ ಹುಡುಕದೆ ಬೇರೆ ದಾರಿಯಿಲ್ಲ. ಜೇಡಿಗೆ ಆ ಕಾನೂನಿನ ಭಯವಿಲ್ಲ, ನನ್ನ ಅಕ್ರಿಲೇಟಿಗೆ ಇದೆ.