4,899 ರೂಪಾಯಿ, ಎರಡು ಸಲ

ಬ್ಯಾಂಕಿನವನ ಮನೆಯಲ್ಲೇ ಲೆಕ್ಕ ತಪ್ಪಿದರೆ ಯಾರ ಹತ್ತಿರ ಹೇಳಿಕೊಳ್ಳುವುದು, ಹೇಳಿ? ಮೂವತ್ತಮೂರು ವರ್ಷಗಳಿಂದ ಈ ಮುಂಬಯಿಯಲ್ಲಿ ಕೌಂಟರಿನ ಒಳಗೆ ಕೂತು "ಅರ್ಜಿ ಬರೆದುಕೊಡಿ, ಏಳು ದಿನ ಬಿಟ್ಟು ವಿಚಾರಿಸಿ" ಎಂದವನು ನಾನು. 2025ರ ಮಳೆಗಾಲದಲ್ಲಿ ಅದೇ ಮಾತನ್ನು ಹೊರಗೆ ನಿಂತು ಕೇಳಿಸಿಕೊಳ್ಳುವ ಪ್ರಸಂಗ ಬಂತು. ಕಾರ್ಡು ನಮ್ಮ ಬ್ಯಾಂಕಿನದಲ್ಲ, ಬೇರೆಯವರದು. (ಯಾಕೆ ಅಂತ ಕೇಳಬೇಡಿ. ಮಿಠಾಯಿ ಅಂಗಡಿಯವನು ತನ್ನ ಅಂಗಡಿಯ ಮಿಠಾಯಿ ತಿನ್ನುವುದಿಲ್ಲ!)

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಖಜಾಂಚಿ. ಬಿ.ಕಾಂ. ಓದಿದವನು, ಮೇಲಾಗಿ ಬ್ಯಾಂಕಿನವನು ಎಂದಮೇಲೆ ಈ ಶಿಕ್ಷೆ ತಪ್ಪಿದ್ದಲ್ಲ. ಲೆಕ್ಕ ಬರೆಯುತ್ತಿದ್ದ ಹಳೆಯ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಹೊಸದಕ್ಕೆ ಸಾಫ್ಟ್‌ವೇರ್ ಬೇಕು. ಮೊದಲು ಒಂದು ಸಿ.ಡಿ. ತಂದರೆ ಹತ್ತು ವರ್ಷ ನಡೆಯುತ್ತಿತ್ತು, ಈಗ ವರ್ಷ ವರ್ಷ ಬಾಡಿಗೆ. 4,899 ರೂಪಾಯಿ, ಅದರಲ್ಲಿ ಸುಮಾರು 747 ರೂಪಾಯಿ ಜಿ.ಎಸ್.ಟಿ. ಜೂನ್ ತಿಂಗಳ ಒಂದು ಭಾನುವಾರ ರಾತ್ರಿ ಕೂತು ಕಾರ್ಡಿನ ನಂಬರು ಹೊಡೆದೆ. ಓ.ಟಿ.ಪಿ. ಬಂತು, ಹಾಕಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಹೊರಗೆ ಧೋ ಎಂದು ಮಳೆ, ಕರೆಂಟು ಒಮ್ಮೆ ಹೋಗಿ ಬಂತು. ಸರಿ, ಆಗಲಿಲ್ಲ ಎಂದುಕೊಂಡು ಮೊದಲಿನಿಂದ ಶುರುಮಾಡಿದೆ. ಈ ಸಲ ಆಯಿತು, ರಸೀದಿಯೂ ಬಂತು. ಊಟಕ್ಕೆ ಎದ್ದೆ. ಬ್ಯಾಂಕಿನ ಸಂದೇಶ ಎರಡು ಬಂದಿತ್ತು. ಒಂದೇ ಸಂದೇಶ ಎರಡು ಸಲ ಬರುವುದು ಹೊಸತೇನಲ್ಲ ಎಂದು ಎರಡನ್ನೂ ಅಳಿಸಿ ಹಾಕಿದೆ. "ಚಕ್ರ ತಿರುಗುವಾಗ ಬ್ಯಾಕ್ ಒತ್ತಬೇಡಿ, ಹಣ ಹೋಗಿದೆಯೋ ಮೊದಲು ನೋಡಿ" ಎಂದು ಎಷ್ಟು ಗಿರಾಕಿಗಳಿಗೆ ಬುದ್ಧಿ ಹೇಳಿದ್ದೇನೋ!

ತಿಂಗಳ ಸ್ಟೇಟ್‌ಮೆಂಟಿನಲ್ಲಿ ಒಂದರ ಕೆಳಗೆ ಒಂದು, 4,899 ಎರಡು ಸಲ. ಅದೇ ತಾರೀಕು.

ಇಲ್ಲಿ ಒಂದು ಮಾತು. ಕಾರ್ಡಿನಲ್ಲಿ ಎರಡು ಸಲ ಕಾಣಿಸಿದ್ದೆಲ್ಲ ಎರಡು ಸಲ ಹೋದಂತಲ್ಲ. ನಾವು ಓ.ಟಿ.ಪಿ. ಕೊಟ್ಟಾಗ ಬ್ಯಾಂಕು ಅಷ್ಟು ಹಣವನ್ನು ಬದಿಗೆ ತೆಗೆದಿಡುತ್ತದೆ ಅಷ್ಟೇ. ಅಂಗಡಿಯವನು ಕೇಳಿದಾಗ ಕೊಡುತ್ತದೆ, ಅವನು ಕೇಳದಿದ್ದರೆ ಕೆಲವು ದಿನದಲ್ಲಿ ತಾನಾಗಿಯೇ ಬಿಡುಗಡೆಯಾಗುತ್ತದೆ. ಆದರೆ ಸ್ಟೇಟ್‌ಮೆಂಟಿನಲ್ಲಿ ಅಚ್ಚಾಯಿತೆಂದರೆ ಅದು ಹೋದ ಹಣವೇ.

ಕಂಪನಿಯ ಸಹಾಯವಾಣಿಯವರನ್ನು ಹಿಡಿದೆ. ಹುಡುಗಿ ಪಾಪ, ಸಮಾಧಾನದಿಂದ ನೋಡಿ ಹೇಳಿದಳು, "ಸರ್, ನಿಮ್ಮ ಖಾತೆಯಲ್ಲಿ ಇರುವುದು ಒಂದೇ ಆರ್ಡರು. ಇನ್ನೊಂದು ನಿಮ್ಮ ಖಾತೆಯದ್ದಲ್ಲ." ನನ್ನದಲ್ಲ ಅಂದರೆ? ನನ್ನ ಕಾರ್ಡಿನಲ್ಲಿ ಬೇರೆ ಯಾರೋ ತಮ್ಮ ಖಾತೆಗೆ ಕೊಂಡಿದ್ದಾರೆ ಅಂತ ಅರ್ಥ.

ಈಗ ಹೇಳಲು ನಾಚಿಕೆಯಾಗುವ ಭಾಗಕ್ಕೆ ಬರುತ್ತೇನೆ. ಕುಮಟೆಯ ಕಡೆಯಿಂದ ನನ್ನ ತಂಗಿಯ ಮಗ ಎಂಟು ತಿಂಗಳಿಂದ ನಮ್ಮ ಮನೆಯಲ್ಲಿದ್ದ. ಮೊದಲ ಕೆಲಸ, ಐರೋಲಿಯಲ್ಲಿ ಆಫೀಸು. ಮಾಣಿ ಒಳ್ಳೆಯವನು, ನನ್ನಾಕೆಗೆ ಬಾಲ್ಕನಿಯ ಗಿಡಗಳಿಗೆ ನೀರು ಹಾಕುವುದರಿಂದ ಹಿಡಿದು ಕಾಯಿ ತುರಿಯುವವರೆಗೆ ಜೊತೆ. ಆದರೆ ಹಿಂದಿನ ವಾರವಷ್ಟೇ ಅವನು "ಮಾವಾ, ನನ್ನ ಲ್ಯಾಪ್‌ಟಾಪಿಗೂ ಅದೇ ಸಾಫ್ಟ್‌ವೇರ್ ಬೇಕಿತ್ತು" ಎಂದಿದ್ದ. ನಾನು "ನೋಡುವಾ" ಎಂದು ಜಾರಿಕೊಂಡಿದ್ದೆ. ಊರಿಗೆ ರೈಲಿನ ಟಿಕೇಟು ತೆಗೆಯಲು ಒಮ್ಮೆ ಕಾರ್ಡೂ ಅವನ ಕೈಗೆ ಹೋಗಿತ್ತು. ಓ.ಟಿ.ಪಿ. ನನ್ನ ಫೋನಿಗೇ ಬರುವುದಲ್ಲ ಎಂದು ತಲೆಯಲ್ಲಿ ಬಾರದೆ ಇರಲಿಲ್ಲ. ಬಂತು. ಆದರೆ ಫೋನು ರಾತ್ರಿಯಿಡೀ ಊಟದ ಮೇಜಿನ ಮೇಲೆ ಚಾರ್ಜಿಗೆ ಬಿದ್ದಿರುತ್ತದೆ ಎಂಬುದೂ ಅದರ ಹಿಂದೆಯೇ ಬಂತು. ಒಮ್ಮೆ ಸಂಶಯ ಹತ್ತಿದರೆ ಎಲ್ಲವೂ ಸಾಕ್ಷಿಯೇ.

ಅವತ್ತು ರಾತ್ರಿ ಅವನು ಊಟಕ್ಕೆ ಕೂತಾಗ ಕೇಳಿಬಿಟ್ಟೆ. ಕೂಗಲಿಲ್ಲ. ಆಫೀಸಿನಲ್ಲಿ ಕ್ಯಾಶ್ ಕಡಿಮೆ ಬಿದ್ದ ದಿನ ಕ್ಯಾಶಿಯರನ್ನು ಕೇಳುತ್ತೇವಲ್ಲ, ಆ ದನಿ. "ತೆಗೊಂಡಿದ್ರೆ ಹೇಳು, ಬೈಯೋದಿಲ್ಲ." ಅವನು ಅನ್ನದಿಂದ ಕೈ ತೆಗೆದ. "ನಿಮ್ಮ ಫೋನು ನಾ ಮುಟ್ಟಿದವನಲ್ಲ ಮಾವಾ" ಎಂದ. ಮತ್ತೆ ಊಟ ಮಾಡಲಿಲ್ಲ. ಹತ್ತು ದಿನಕ್ಕೆ ಐರೋಲಿಯಲ್ಲಿ ಗೆಳೆಯರ ರೂಮಿಗೆ ಹೋದ, ಆಫೀಸು ಹತ್ತಿರ ಎಂದು ಹೇಳಿ. ಹತ್ತಿರ ಹೌದು, ಸುಳ್ಳೇನಲ್ಲ. ನನ್ನಾಕೆ ಎರಡು ದಿನ ನನಗೆ ಬಡಿಸಿದ್ದು ಬಿಟ್ಟರೆ ಮಾತಾಡಲಿಲ್ಲ.

ಇತ್ತ ಕಾರ್ಡಿನ ಬ್ಯಾಂಕಿಗೆ ತಕರಾರು ಅರ್ಜಿ ಕೊಟ್ಟೆ. ಪ್ರತಿಯೊಂದು ಕಾರ್ಡು ವ್ಯವಹಾರಕ್ಕೂ 23 ಅಂಕಿಯ ಒಂದು ಗುರುತು ನಂಬರು ಇರುತ್ತದೆ, ಎ.ಆರ್.ಎನ್. ಎನ್ನುತ್ತಾರೆ. ಎರಡಕ್ಕೂ ಅದನ್ನು ಕೇಳಿ ಪಡೆದೆ. ಬೇರೆ ಬೇರೆ ನಂಬರು. ಬಿಲ್ಲನ್ನು ಮಾತ್ರ ಪೂರ್ತಿ ಕಟ್ಟಿದೆ. ತಕರಾರು ಇದೆಯೆಂದು ಸಿಟ್ಟಿನಲ್ಲಿ ಬಾಕಿ ಉಳಿಸಿಕೊಂಡು, ಬಡ್ಡಿಯಿಲ್ಲದ ದಿನಗಳನ್ನೂ ಕಳೆದುಕೊಂಡು, ಆಮೇಲೆ ನಮ್ಮ ಮುಂದೆ ಅತ್ತವರನ್ನು ಬೇಕಾದಷ್ಟು ಕಂಡಿದ್ದೇನೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, 2021ರಿಂದ ಎಲ್ಲಕ್ಕೂ ಒಂದೇ ಯೋಜನೆ ಇದೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೇ ಕಾದೆ.

ಇಪ್ಪತ್ತಾರನೆಯ ದಿನ ಉತ್ತರ ಬಂತು. ಕಂಪನಿಯವರು ಎರಡೂ ಆರ್ಡರಿನ ಕಾಗದ ಕಳಿಸಿದ್ದರು. ಎರಡೂ ನನ್ನ ಹೆಸರಿನಲ್ಲಿ, ನನ್ನ ಮನೆಯ ವಿಳಾಸಕ್ಕೆ. ಒಂದು ರಾತ್ರಿ 8.41ಕ್ಕೆ, ಇನ್ನೊಂದು 8.52ಕ್ಕೆ. ಮೊದಲನೆಯದರಲ್ಲಿ ಇ-ಮೇಲ್ ವಿಳಾಸದ ಒಂದು ಅಕ್ಷರ ಬಿಟ್ಟುಹೋಗಿತ್ತು. ಕನ್ನಡಕ ಹಾಕದೆ ಹೊಡೆದವನು ನಾನೇ. ರಸೀದಿ ಎಲ್ಲಿಗೋ ಹೋಗಿದೆ, ಖಾತೆ ಯಾರದೂ ಅಲ್ಲದ ಹೆಸರಿನಲ್ಲಿ ತೆರೆದಿದೆ. ಹಾಗಾಗಿ ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಆರ್ಡರು ಎರಡು ಇರುವುದರಿಂದ ಕಾರ್ಡಿನ ನಿಯಮದ ಪ್ರಕಾರ ಇದು 'ಎರಡು ಸಲ ವಸೂಲಿ' ಆಗುವುದೇ ಇಲ್ಲ, ಆದರೂ ಮೊದಲನೆಯದನ್ನು ಬಳಸಿಯೇ ಇಲ್ಲವಾದ್ದರಿಂದ ಹಣ ವಾಪಸು ಮಾಡುತ್ತೇವೆ ಎಂದು ಕಂಪನಿ ಬರೆದಿತ್ತು. ವಾರದೊಳಗೆ ಜಿ.ಎಸ್.ಟಿ. ಸಮೇತ 4,899 ಜಮಾ ಆಯಿತು.

ಆ ಕಾಗದ ಪ್ರಿಂಟು ತೆಗೆದುಕೊಂಡು ಶನಿವಾರ ಐರೋಲಿಗೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ ಎನ್ನಿ. ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತೆವು. ಕಾಗದ ಮುಂದಿಟ್ಟು, "ತಪ್ಪು ನನ್ನದೇ ಮಾರಾಯಾ. ನಿನ್ನ ಮೇಲೆ ಹಾಕಿದೆ" ಎಂದೆ. ಅವನು ಸಮಯ ನೋಡಿದ. "8.41ಕ್ಕೆ ನಾನು ಠಾಣೆಯಲ್ಲಿ ಲೋಕಲ್ ಕಾಯ್ತಾ ಇದ್ದೆ. ನೆನಪಿದೆ, ಮಳೆಗೆ ಗಾಡಿ ನಿಂತಿತ್ತು" ಎಂದ. ಅಷ್ಟೇ ಹೇಳಿದ್ದು. ಕಾಗದ ಮಡಚಿ ನನಗೇ ವಾಪಸು ಕೊಟ್ಟ.

ಬನ್ಸ್ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ, "ಮಾವಾ, ಎರಡನೇ ಮ್ಯಾಂಡೇಟ್ ರದ್ದು ಮಾಡಿದ್ರಾ? ಇಲ್ಲಾಂದ್ರೆ ಬರುವ ವರ್ಷ ಮತ್ತೆ ಎರಡು ಸಲ ಹೋಗ್ತದೆ."

ಮಾಡಿರಲಿಲ್ಲ! 15,000 ರೂಪಾಯಿಯವರೆಗಿನ ಇಂಥ ನವೀಕರಣಕ್ಕೆ ಮತ್ತೆ ಓ.ಟಿ.ಪಿ. ಕೇಳುವುದಿಲ್ಲ, 24 ಗಂಟೆ ಮೊದಲು ಒಂದು ಸೂಚನೆ ಬರುತ್ತದೆ ಅಷ್ಟೇ. ನಾನೋ, ಸಂದೇಶ ಅಳಿಸುವ ಗಿರಾಕಿ. ಫೋನು ತೆಗೆದು ಅವನ ಕಡೆಗೆ ಚಾಚಿದೆ, "ನೀನೇ ಮಾಡಿಕೊಡು."

"ನೀವೇ ಒತ್ತಿ ಮಾವಾ, ನಾ ಹೇಳ್ತೇನೆ" ಎಂದ. ಕೈ ಮೇಜಿನ ಕೆಳಗೇ ಇತ್ತು. ಅವನು ಹೇಳಿದಲ್ಲಿ ಒಂದೊಂದಾಗಿ ಒತ್ತಿದೆ. ರದ್ದಾಯಿತು.

ಬಿಲ್ಲು ಅವನೇ ಕೊಟ್ಟ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಚೌತಿಗೆ ಮನೆಗೆ ಬಾ, ಅತ್ತೆ ಪಂಚಕಜ್ಜಾಯ ಮಾಡುತ್ತಾಳೆ ಎಂದೆ. "ರಜೆ ನೋಡ್ತೇನೆ ಮಾವಾ" ಎಂದು ರಸ್ತೆ ದಾಟಿದ.