ಅನ್ನಾ ಅಮ್ಮನವರ ನಾಯಿಮರಿಗಳು

ಸ್ಕಾಟ್ಲೆಂಡಿನ ಪಶ್ಚಿಮದ ಕಡಲಲ್ಲಿ ಹತ್ತೇ ನಿಮಿಷದ ಫೆರಿ. ಅಯೋನಾ ದ್ವೀಪದಲ್ಲಿ ಇಳಿಯುತ್ತಲೇ ಜೊತೆಯವರೆಲ್ಲ ಸಂತ ಕೊಲಂಬಾನ ಮಠದತ್ತ ದಡದಡ ನಡೆದುಬಿಡುತ್ತಾರೆ. ನೀವು ನಿಲ್ಲಿ. ನಾಲ್ಕಾರು ಮನೆ ದಾಟುವಷ್ಟರಲ್ಲೇ ಗುಲಾಬಿ ಗ್ರಾನೈಟಿನ ಮೋಟುಗೋಡೆಗಳು ಎದುರಾಗುತ್ತವೆ. 1200ರ ಸುಮಾರಿಗೆ ಈ ದ್ವೀಪಗಳ ಒಡೆಯ ರಾನಲ್ಡ್ ಕಟ್ಟಿಸಿದ ಸನ್ಯಾಸಿನಿಯರ ಮಠ ಇದು. ಮೊದಲ ಮುಖ್ಯಸ್ಥೆ ಅವನ ಒಡಹುಟ್ಟು, ಬೆಥಾಗ್.

ಒಳಗೆ ಬನ್ನಿ. ತಲೆಯೆತ್ತಿದರೆ ಸೂರಿಲ್ಲ, ಬರೀ ಮೋಡ. ಕಡಲಗಾಳಿ ಕಿಟಕಿಯ ಕಂಡಿಗಳಲ್ಲಿ ನುಗ್ಗಿ ಕಿವಿಗೆ ಹೊಡೆಯುತ್ತದೆ. ಕಲ್ಲನ್ನು ಮುಟ್ಟಿ ನೋಡಿ: ತರಿತರಿ, ತಣ್ಣಗೆ. 1560ರ ಮತಸುಧಾರಣೆಯ ನಂತರ ಇಲ್ಲಿ ಪ್ರಾರ್ಥನೆ ನಿಂತಿತು. 1773ರಲ್ಲಿ ಇಂಗ್ಲಿಷ್ ಸಾಹಿತಿ ಡಾಕ್ಟರ್ ಜಾನ್ಸನ್ ಬಂದಾಗ ಊರವರು ಇದನ್ನು ದನದ ಕೊಟ್ಟಿಗೆ ಮಾಡಿಕೊಂಡಿದ್ದರು. ಕೆಸರಿನಿಂದಾಗಿ ನೆಲ ನೋಡುವುದೂ ಜಾನ್ಸನ್ನರಿಗೆ ಆಗಲಿಲ್ಲ. ಕೊಲಂಬಾನ ಆ ಗಂಡಸರ ಮಠಕ್ಕೆ 20ನೇ ಶತಮಾನದಲ್ಲಿ ಮತ್ತೆ ಸೂರು ಬಂತು, ಇದಕ್ಕೆ ಬರಲಿಲ್ಲ. ಒಳ್ಳೆಯದೇ ಆಯಿತೆನ್ನುತ್ತೇನೆ. ಅಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ತಡಕಾಡಬೇಕು. ಇಲ್ಲಿ ಆ ತಾಪತ್ರಯವಿಲ್ಲ.

ಹೂಗಿಡಗಳ ಅಂಗಳ ದಾಟಿ ಊಟದ ಮನೆಯ ದಕ್ಷಿಣದ ಗೋಡೆಯ ಹೊರಗೆ ಹೋಗಿ, ಕಿಟಕಿಯ ಮೇಲ್ಗಡೆ ಕಣ್ಣು ಕಿರಿದು ಮಾಡಿ ನೋಡಿ. ಮಳೆಗಾಳಿಗೆ ಸವೆದ ಒಂದು ಆಕೃತಿ: ಕಾಲಗಲಿಸಿ ಕೂತ ಬತ್ತಲೆ ಹೆಂಗಸು! ಶೀಲಾ-ನಾ-ಗಿಗ್ ಎನ್ನುತ್ತಾರೆ. ದೃಷ್ಟಿ ತೆಗೆಯಲಿಕ್ಕೋ, ಕಾಮದ ವಿರುದ್ಧ ಎಚ್ಚರಿಸಲಿಕ್ಕೋ, ಪಂಡಿತರ ವಾದ ಇನ್ನೂ ಮುಗಿದಿಲ್ಲ.

ಈಗ ದೊಡ್ಡ ಮಠದ ವಸ್ತುಸಂಗ್ರಹಾಲಯಕ್ಕೆ ನಡೆಯಿರಿ, 1543ರಲ್ಲಿ ತೀರಿಕೊಂಡ ಮುಖ್ಯಸ್ಥೆ ಅನ್ನಾ ಮ್ಯಾಕ್ಲೀನ್ ಅವರ ಗೋರಿಕಲ್ಲು ಅಲ್ಲಿದೆ. ನೆರಿಗೆ ನೆರಿಗೆಯಾದ ನಿಲುವಂಗಿ, ತಲೆದಿಂಬನ್ನು ಹಿಡಿದ ದೇವದೂತರು, ಮೇಲೊಂದು ಕನ್ನಡಿ, ಬಾಚಣಿಗೆ. ಕಲ್ಲಿನ ಇನ್ನರ್ಧದಲ್ಲಿ ಮಗುವನ್ನೆತ್ತಿಕೊಂಡ ಮರಿಯಮ್ಮ ಇದ್ದಳು. ಸನ್ಯಾಸಿನಿಯರ ಚರ್ಚಿನ ಚಾವಣಿ ಕುಸಿದಾಗ ಅದು ಪುಡಿಯಾಯಿತು. ಅನ್ನಾರ ಸೆರಗಿನ ಎರಡೂ ಬದಿಗೆ ಅಂಟಿಕೊಂಡ ಪುಟ್ಟ ನಾಯಿಗಳು ಮಾತ್ರ ಉಳಿದಿವೆ. ಸನ್ಯಾಸಿನಿಯರು ನಾಯಿ ಸಾಕಕೂಡದೆಂದು ಮಧ್ಯಯುಗದ ಬಿಷಪ್ಪರು ಎಷ್ಟೋ ಕಡೆ ಮತ್ತೆ ಮತ್ತೆ ತಾಕೀತು ಮಾಡಿದ್ದುಂಟು. ಈ ಅಮ್ಮನವರು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.